ಎರಡು ಗಂಟೆ ಆಗಿತ್ತು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ, ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಮಕ್ಕಳು ಮತ್ತು ಅವರ ಮನೆಯವರ ಎದುರು ಆಡಿದ ಮಾತು ಇದು. ಆದಷ್ಟು ಆಡಿದ ಹಾಗೆಯೇ ಬರೆದಿದ್ದೇನೆ. ಕರಿಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಹೇಳಬೇಕಾಯಿತು.

ಮಕ್ಕಳೇ, ಮಕ್ಕಳ ಜೊತೆ ಬಂದ ಅಮ್ಮಂದಿರೇ, ಅಪ್ಪಂದಿರೇ,

ಇವತ್ತು ನಾನು ಮಾತಾಡುವುದು ಇಂಗ್ಲಿಷಿನ ಒಂದೇ ಒಂದು ಕ್ರಿಯಾರೂಪದ ಬಗ್ಗೆ. ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್. ಕೆಲವು ಪುಸ್ತಕಗಳಲ್ಲಿ ಪ್ರೋಗ್ರೆಸಿವ್ ಅಂತ ಇರುತ್ತದೆ. ಎರಡೂ ಒಂದೇ. ಹೆಸರು ಕೇಳಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡದ್ದು ನನಗೆ ಕಂಡಿತು. ಹೆಸರು ಉದ್ದ ಉಂಟು, ನಿಜ. ಆದರೆ ಒಳಗಿರುವುದು ನಿಮ್ಮ ಮನೆಯಲ್ಲಿ ದಿನಾ ಆಡುವ ಮಾತೇ. ಅದನ್ನು ತೋರಿಸಲಿಕ್ಕೆ ಅಂತಲೇ ಬಂದಿದ್ದೇನೆ.

ಮೊದಲು ಒಂದು ಅರ್ಜಿಯ ವಿಷಯ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. 1991ನೇ ಇಸವಿ. ನಮ್ಮ ಅಮ್ಮ ಮದುವೆಯಾಗಿ ಆ ಮನೆಗೆ ಬಂದದ್ದು 1961ರಲ್ಲಿ. ನಡುವೆ 1986ರಲ್ಲಿ ಜಾಗದ ಅಳತೆ ಆಗಿತ್ತು. ಆಗ ನಮ್ಮ ಮನೆಯ ವಿಷಯ ಹೇಗೋ ದಾಖಲೆಯಿಂದ ಬಿಟ್ಟುಹೋಗಿತ್ತು. ಅದನ್ನು ಸರಿ ಮಾಡಿಸಬೇಕಿತ್ತು. ಅಳತೆಗೆ ಬಂದ ಹೊತ್ತಿಗೆ ಅಮ್ಮ ಅಲ್ಲಿ ಇರಲಿಕ್ಕೆ ಶುರು ಮಾಡಿ 25 ವರ್ಷ ಆಗಿತ್ತು. ಇಷ್ಟನ್ನು ಬರೆದು ಕೊಟ್ಟರೆ ಸಾಕಿತ್ತು. ಕಚೇರಿಯ ಫೈಲು ಮಲಯಾಳದಲ್ಲಿ. ಕನ್ನಡದಲ್ಲಿ ಬರೆದರೆ ತರ್ಜುಮೆ ಅಂತ ತಡ ಆಗುತ್ತದೆ, ಇಂಗ್ಲಿಷಿನಲ್ಲಿ ಬರಿ ಅಂತ ಗೊತ್ತಿರುವವರು ಹೇಳಿದರು. ಬರೆದೆ.

‘ಮೈ ಮದರ್ ವಾಸ್ ಲಿವಿಂಗ್ ಇನ್ ದಿಸ್ ಹೌಸ್ ಸಿನ್ಸ್ ಟ್ವೆಂಟಿ ಫೈವ್ ಇಯರ್ಸ್.’

ಹದಿನೈದು ದಿನ ಕಳೆದು ಅರ್ಜಿ ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಬರೆದಿತ್ತು. ಇವರ ಈಗಿನ ವಾಸ ಎಲ್ಲಿ?

ಅಮ್ಮ ಒಲೆಯ ಮುಂದೆ ಕೂತಿದ್ದರು. ಕೈಯಲ್ಲಿ ಊದುಗೊಳವೆ. ‘ಎಂತ ಬರೆದಿದ್ದಾರೆ ಮಗಾ?’ ಅಂತ ಕೇಳಿದರು. ‘ನೀನು ಈಗ ಎಲ್ಲಿ ಇರುವುದು ಅಂತ ಕೇಳಿದ್ದಾರೆ’ ಅಂದೆ. ಅಮ್ಮ ಊದುವುದು ನಿಲ್ಲಿಸಿ ನನ್ನ ಮುಖ ನೋಡಿದರು. ‘ಇಲ್ಲಿಯೇ ಅಲ್ವಾ ಇರುವುದು?’

ಆ ಪ್ರಶ್ನೆ ಬರೆದವರ ಮೇಲೆ ಆ ದಿನ ನನಗೆ ಸಿಟ್ಟು ಬಂದಿತ್ತು. ರಾತ್ರಿ ಕೂತು ನನ್ನದೇ ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಆಮೇಲೆ ಸಿಟ್ಟು ಇಳಿಯಿತು. ‘ವಾಸ್ ಲಿವಿಂಗ್’ ಅಂದರೆ ಆಗ ಇದ್ದರು. ಓದಿದವರಿಗೆ ಈಗ ಇಲ್ಲವೇನೋ ಅನ್ನಿಸುತ್ತದೆ. ನಾನು ಹೇಳಬೇಕಾದದ್ದು ಬೇರೆ. ನನಗೆ ಬೇಕಿದ್ದ ವಾಕ್ಯ ಇದು:

‘ವೆನ್ ದ ಲ್ಯಾಂಡ್ ವಾಸ್ ಮೆಷರ್ಡ್ ಇನ್ 1986, ಮೈ ಮದರ್ ಹ್ಯಾಡ್ ಬೀನ್ ಲಿವಿಂಗ್ ಇನ್ ದಿಸ್ ಹೌಸ್ ಫಾರ್ ಟ್ವೆಂಟಿ ಫೈವ್ ಇಯರ್ಸ್.’

ಇದರ ಹಿಂದೆಯೇ ಇನ್ನೊಂದು ಚಿಕ್ಕ ವಾಕ್ಯವೂ ಬೇಕು. ‘ಶಿ ಸ್ಟಿಲ್ ಲಿವ್ಸ್ ಹಿಯರ್.’ ಯಾಕೆ ಅಂದರೆ, ‘ಹ್ಯಾಡ್ ಬೀನ್ ಲಿವಿಂಗ್’ ಅನ್ನುವುದು 1986ರವರೆಗಿನ ಕಥೆ ಮಾತ್ರ ಹೇಳುತ್ತದೆ. ಆಮೇಲೆ ಏನಾಯಿತು ಅಂತ ಅದು ಬಾಯಿ ಬಿಡುವುದಿಲ್ಲ. ಇದ್ದರೂ ಇರಬಹುದು, ಬಿಟ್ಟು ಹೋಗಿದ್ದರೂ ಇರಬಹುದು. ಈಗಿನ ಮಾತನ್ನು ಬೇರೆಯೇ ಹೇಳಬೇಕು.

ನಮ್ಮಂಥ ಗಡಿಯ ಊರಿನವರಿಗೆ ಇದು ಬರೀ ಮಾರ್ಕಿನ ವಿಷಯ ಅಲ್ಲ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು. ನಮ್ಮ ಸಂಗತಿಯನ್ನು ನಾವು ಯಾವುದಾದರೂ ಒಂದು ಭಾಷೆಯಲ್ಲಿ ಸರಿಯಾಗಿ ಬರೆದು ಕೊಡಬೇಕು. ಎಷ್ಟು ಕಾಲದಿಂದ, ಯಾವಾಗಿನವರೆಗೆ ಅನ್ನುವುದು ಅಂಥ ಕಾಗದಗಳಲ್ಲಿ ಬಹಳ ದೊಡ್ಡ ಮಾತು.

ಈಗ ರೂಪಕ್ಕೆ ಬರೋಣ. ಅದು ಬೇಗ ಮುಗಿಯುತ್ತದೆ. ಹ್ಯಾಡ್, ಬೀನ್, ಆಮೇಲೆ ಕ್ರಿಯಾಪದಕ್ಕೆ ಐಎನ್‌ಜಿ. ಹ್ಯಾಡ್ ಬೀನ್ ವೇಟಿಂಗ್, ಹ್ಯಾಡ್ ಬೀನ್ ವರ್ಕಿಂಗ್. ಪ್ರಶ್ನೆಗೆ ಹ್ಯಾಡ್ ಮುಂದೆ ಹೋಗುತ್ತದೆ: ಹ್ಯಾಡ್ ಯು ಬೀನ್ ವೇಟಿಂಗ್? ಇಲ್ಲ ಅನ್ನಲಿಕ್ಕೆ ಹ್ಯಾಡ್‌ನ ಪಕ್ಕದಲ್ಲಿ ನಾಟ್. ಅಷ್ಟೇ.

ಐ, ಯು, ಹಿ, ಶಿ, ದೆ, ಯಾರೇ ಬರಲಿ, ಹ್ಯಾಡ್ ಬೀನ್ ಬದಲಾಗುವುದಿಲ್ಲ. ಕನ್ನಡದ ಅಭ್ಯಾಸ ಇರುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಮಗೆ ನಾನು ಬಂದೆ, ಅವನು ಬಂದ, ಅವರು ಬಂದರು. ಆದರೆ ಇಲ್ಲಿ ಕೂತ ನಿಮಗೆ ವಿಚಿತ್ರ ಅನ್ನಿಸಬೇಕಾಗಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ನೀವು ಮಲಯಾಳ ಮಾತಾಡುತ್ತೀರಲ್ಲ? ಞಾನ್ ವನ್ನು, ಅವನ್ ವನ್ನು, ಅವರ್ ವನ್ನು. ಯಾರು ಬಂದರೂ ‘ವನ್ನು’ ಒಂದೇ. ಬೆಂಗಳೂರಿನಲ್ಲಿ ಕಲಿಯುವ ಮಗುವಿಗೆ ಇಲ್ಲದ ಅನುಕೂಲ ನಿಮಗೆ ಉಂಟು. ಸಪ್ತಭಾಷಾ ಸಂಗಮ ಭೂಮಿ ಅಂತ ನಮ್ಮ ಜಿಲ್ಲೆಯನ್ನು ಭಾಷಣಗಳಲ್ಲಿ ಹೇಳುತ್ತಾರೆ. ಅದನ್ನು ಇಂಗ್ಲಿಷ್ ತರಗತಿಯಲ್ಲಿ ಉಪಯೋಗಿಸಿಕೊಳ್ಳಬೇಕು ಅಂತ ನನ್ನ ಆಸೆ. ಎಷ್ಟೋ ವರ್ಷ ನಾವು ಟೀಚರುಗಳು ಹಾಗೆ ಮಾಡಲಿಲ್ಲ. ಸೂತ್ರವನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದೆವು.

ರೂಪ ಬಂತು. ಯಾವಾಗ ಬಳಸುವುದು?

ದನ ಕಟ್ಟುವುದನ್ನು ನೆನಪು ಮಾಡಿಕೊಳ್ಳಿ. ಹಗ್ಗ ಬೇಕು, ಗೂಟ ಬೇಕು. ಕೆಲಸ ನಡೆಯುತ್ತಿದ್ದ ಉದ್ದ ಕಾಲ ಹಗ್ಗ. ಹಿಂದೆ ನಡೆದ ಇನ್ನೊಂದು ಘಟನೆ ಗೂಟ. ಹಗ್ಗ ಹಿಂದಿನಿಂದ ಬಂದು ಗೂಟಕ್ಕೆ ಮುಟ್ಟಬೇಕು. ‘ಐ ಹ್ಯಾಡ್ ಬೀನ್ ವೇಟಿಂಗ್ ಫಾರ್ ಟೂ ಅವರ್ಸ್ ವೆನ್ ದ ಬಸ್ ಕೇಮ್.’ ಬಸ್ಸು ಬಂದದ್ದು ಗೂಟ. ಎರಡು ಗಂಟೆ ಕಾದದ್ದು ಹಗ್ಗ. ಗೂಟ ಇಲ್ಲದೆ ಸುಮ್ನೆ ‘ಐ ಹ್ಯಾಡ್ ಬೀನ್ ವೇಟಿಂಗ್’ ಅಂದರೆ ಕೇಳಿದವರು ‘ಯಾವಾಗ? ಎಷ್ಟರವರೆಗೆ?’ ಅಂತ ಕಾಯುತ್ತಾರೆ. ಗೂಟ ಅದೇ ವಾಕ್ಯದಲ್ಲಿ ಇರಬೇಕು ಅಂತ ಇಲ್ಲ. ಹಿಂದಿನ ವಾಕ್ಯದಲ್ಲಿ ನೆಟ್ಟಿದ್ದರೂ ಸಾಕು. ಆದರೆ ಎಲ್ಲೋ ಒಂದು ಕಡೆ ಅದು ಇರಲೇಬೇಕು. ಮಕ್ಕಳ ಪೇಪರಿನಲ್ಲಿ ನಾನು ಜಾಸ್ತಿ ನೋಡಿದ ತಪ್ಪು ಇದೇ. ಸೂತ್ರ ಸರಿ ಇರುತ್ತದೆ, ಗೂಟ ಇರುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಜಾಗಕ್ಕೆ ಬರುತ್ತೇನೆ. ಸ್ವಲ್ಪ ಗಮನ ಇಟ್ಟು ಕೇಳಿ.

‘ಎರಡು ಗಂಟೆಯಿಂದ ಕಾಯುತ್ತಾ ಇದ್ದೆ.’

ಈ ಕನ್ನಡ ವಾಕ್ಯಕ್ಕೆ ಅರ್ಥ ಎಷ್ಟು? ಎರಡು. ಮಧ್ಯಾಹ್ನ ಎರಡು ಗಂಟೆಗೆ ಬಂದು ನಿಂತವನೂ ಹೀಗೆಯೇ ಹೇಳುತ್ತಾನೆ. ಎಷ್ಟೊತ್ತಿಗೋ ಬಂದು, ನೂರಿಪ್ಪತ್ತು ನಿಮಿಷ ನಿಂತವನೂ ಹೀಗೆಯೇ ಹೇಳುತ್ತಾನೆ. ಗಡಿಯಾರದ ಎರಡು ಗಂಟೆಗೂ ಉದ್ದದ ಎರಡು ಗಂಟೆಗೂ ನಮ್ಮಲ್ಲಿ ಒಂದೇ ಮಾತು. ಎರಡಕ್ಕೂ ಅದೇ ‘ಇಂದ’. ಕೇಳುವವರಿಗೆ ಸಂದರ್ಭದಿಂದ ಗೊತ್ತಾಗುತ್ತದೆ, ಹಾಗಾಗಿ ತೊಂದರೆ ಇಲ್ಲ. ಇಂಗ್ಲಿಷಿನಲ್ಲಿ ಇವೆರಡು ಬೇರೆ ಬೇರೆ ಬಾಗಿಲು. ಶುರುವಾದ ಹೊತ್ತನ್ನು ಹೇಳಿದರೆ ಸಿನ್ಸ್: ಸಿನ್ಸ್ ಟೂ ಓಕ್ಲಾಕ್, ಸಿನ್ಸ್ 1961, ಸಿನ್ಸ್ ಮಾರ್ನಿಂಗ್. ಎಷ್ಟು ಉದ್ದ ಅಂತ ಹೇಳಿದರೆ ಫಾರ್: ಫಾರ್ ಟೂ ಅವರ್ಸ್, ಫಾರ್ ಟ್ವೆಂಟಿ ಫೈವ್ ಇಯರ್ಸ್. ನನ್ನ ಅರ್ಜಿಯ ‘ಸಿನ್ಸ್ ಟ್ವೆಂಟಿ ಫೈವ್ ಇಯರ್ಸ್’ ಹುಟ್ಟಿದ್ದು ಈ ‘ಇಂದ’ದಿಂದ. 25 ವರ್ಷದಿಂದ ಅನ್ನುವುದನ್ನು ಹಾಗೆಯೇ ಎತ್ತಿ ಇಟ್ಟಿದ್ದೆ. ಕನ್ನಡದವರು ಮಾತ್ರ ಅಲ್ಲ, ನಮ್ಮ ದೇಶದ ಬೇರೆ ಭಾಷೆಯವರೂ ಇಂಗ್ಲಿಷಿನಲ್ಲಿ ‘ಸಿನ್ಸ್ ಟೂ ಅವರ್ಸ್’ ಅನ್ನುವುದನ್ನು ನೀವು ಕೇಳಿರಬಹುದು.

ಈಗ ಮಲಯಾಳದಲ್ಲಿ ಹೇಳಿ ನೋಡಿ. ಎರಡು ಗಂಟೆ ಹೊತ್ತು ಕಾದರೆ ಏನು ಹೇಳುತ್ತೀರಿ? ರಂಡು ಮಣಿಕ್ಕೂರಾಯಿ. ಮಧ್ಯಾಹ್ನ ಎರಡಕ್ಕೆ ಶುರು ಮಾಡಿದ್ದರೆ? ರಂಡು ಮಣಿ ಮುದಲ್. ಮಣಿ ಬೇರೆ, ಮಣಿಕ್ಕೂರ್ ಬೇರೆ. ಆಯಿ ಬೇರೆ, ಮುದಲ್ ಬೇರೆ. ನೋಡಿ, ಫಾರ್ ಮತ್ತು ಸಿನ್ಸ್ ಎರಡೂ ನಿಮ್ಮ ನಾಲಿಗೆಯ ಮೇಲೆ ಮೊದಲೇ ಉಂಟು! ಮುದಲ್ ಬರುವಲ್ಲಿ ಸಿನ್ಸ್ ಹಾಕಿ, ಆಯಿ ಬರುವಲ್ಲಿ ಫಾರ್ ಹಾಕಿ. ನಾನು ಇದನ್ನು ಒಂಬತ್ತನೇ ತರಗತಿಯಲ್ಲಿ ಮೊದಲ ಸಲ ಹೇಳಿದ ದಿನ ಒಬ್ಬ ಹುಡುಗ ಎದ್ದು ನಿಂತು, ‘ಹಾಗಾದರೆ ಇದು ಇಷ್ಟೇನಾ ಟೀಚರ್?’ ಅಂತ ಕೇಳಿದ್ದ. ಇಷ್ಟೇ.

ಇನ್ನು ಕನ್ನಡದಲ್ಲಿ ದಾರಿ ಇಲ್ಲವೇ? ಚಂದದ ದಾರಿ ಉಂಟು. ಈ ಊರಿನ ಅಮ್ಮಂದಿರು ದಿನಾ ಹಾಗೆಯೇ ಮಾತಾಡುವುದು. ಮಗ ಶಾಲೆಯಿಂದ ತಡವಾಗಿ ಬಂದರೆ ಏನು ಹೇಳುತ್ತೀರಿ? ‘ಕಾಯ್ಲಿಕ್ಕೆ ಶುರು ಮಾಡಿ ಎರಡು ಗಂಟೆ ಆಯಿತು.’ ಮರುದಿನ ಪಕ್ಕದ ಮನೆಯವರ ಹತ್ತಿರ ಅದನ್ನೇ ಹೇಳುವಾಗ? ‘ಅವನು ಬರುವಾಗ ನಾನು ಕಾಯ್ಲಿಕ್ಕೆ ಶುರು ಮಾಡಿ ಎರಡು ಗಂಟೆ ಆಗಿತ್ತು.’

ಆಯಿತು, ಆಗಿತ್ತು. ಈ ಎರಡು ಮಾತುಗಳನ್ನು ಇವತ್ತು ಮನೆಗೆ ತೆಗೆದುಕೊಂಡು ಹೋಗಿ. ‘ಎರಡು ಗಂಟೆ ಆಯಿತು’ ಅಂತ ಬಾಯಿಗೆ ಬಂದರೆ ಹ್ಯಾವ್ ಬೀನ್ ವೇಟಿಂಗ್, ಗೂಟ ಈಗಿನ ಕ್ಷಣದಲ್ಲಿ ನೆಟ್ಟಿದೆ. ‘ಎರಡು ಗಂಟೆ ಆಗಿತ್ತು’ ಅಂತ ಬಂದರೆ ಹ್ಯಾಡ್ ಬೀನ್ ವೇಟಿಂಗ್, ಗೂಟ ಹಿಂದೆಲ್ಲೋ ನೆಟ್ಟಿದೆ. ಇದಕ್ಕಿಂತ ಸುಲಭದ ಗುರುತು ನನಗೆ ಯಾವ ವ್ಯಾಕರಣದ ಪುಸ್ತಕದಲ್ಲೂ ಸಿಗಲಿಲ್ಲ.

ಇನ್ನೂ ಒಂದು ರೂಪ ಉಂಟು. ‘ಮಾಡುತ್ತಾ ಬಂದಿದ್ದ.’ ‘ಆ ತೋಟವನ್ನು ಮೂವತ್ತು ವರ್ಷ ನೋಡಿಕೊಳ್ಳುತ್ತಾ ಬಂದಿದ್ದರು.’ ಇದನ್ನು ಬಿಡಿಸಿ ನೋಡಿ. ನೋಡಿಕೊಳ್ಳುತ್ತಾ ಅನ್ನುವುದು ಐಎನ್‌ಜಿ. ಬಂದಿದ್ದರು ಅನ್ನುವುದು ಹ್ಯಾಡ್ ಬೀನ್‌ನ ಜಾಗ. ಹಿಂದಿನಿಂದ ಒಂದು ಜಾಗಕ್ಕೆ ನಡೆದು ಬಂದ ಹಾಗೆ ಕಾಲವನ್ನು ಕಾಣುವುದು ಕನ್ನಡದ ಬಗೆ. ಉದ್ದ ಕಾಲ ನಡೆದ ಕೆಲಸಕ್ಕೆ ಈ ರೂಪ ಸರಿ ಹೊಂದುತ್ತದೆ. ಬಸ್ಸಿಗೆ ಕಾಯುವುದಕ್ಕೆ ಅದು ದೊಡ್ಡ ಮಾತಾಯಿತು.

ತುಳು ಮನೆಮಾತಿನವರು ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚು. ಅಮ್ಮೆರ್ ಬತ್ತೆರ್, ಅಮ್ಮೆರ್ ಬೈದೆರ್, ಅಮ್ಮೆರ್ ಬತ್ತಿತ್ತೆರ್. ಅಪ್ಪ ಬಂದರು, ಬಂದಿದ್ದಾರೆ, ಬಂದಿದ್ದರು. ಮೂರಕ್ಕೂ ಬೇರೆ ಬೇರೆ ರೂಪ, ಒಂದಕ್ಕೆ ಇನ್ನೊಂದನ್ನು ಯಾರೂ ಹಾಕುವುದಿಲ್ಲ. 1872ರಲ್ಲಿಯೇ ಬ್ರಿಗೆಲ್ ಅನ್ನುವ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ತುಳುವಿಗೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದು ಅಚ್ಚು ಹಾಕಿಸಿದ್ದರು. ಹೊರಗಿನವರು ಬಂದು ಕೂತು ಕಲಿತ ರೂಪಗಳು ಇವು. ನಮ್ಮ ಕುಂಬಳೆ ಸೀಮೆಯ ಹವ್ಯಕರ ಮನೆಗಳಲ್ಲಿ ‘ಬೈಂದವು’ ಬೇರೆ, ‘ಬಂದಿತ್ತಿದ್ದವು’ ಬೇರೆ. ‘ಮಾಡಿಗೊಂಡಿತ್ತಿದ್ದವು’ ಅಂದರೆ ಆಗ ಮಾಡುತ್ತಾ ಇದ್ದರು ಅಂತ. ಹಿಂದಿನದಕ್ಕೂ ಅದಕ್ಕಿಂತ ಹಿಂದಿನದಕ್ಕೂ ವ್ಯತ್ಯಾಸ ಮಾಡುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ.

ಇಷ್ಟರವರೆಗೆ ಎಷ್ಟು ಹೊತ್ತು ಅನ್ನುವುದರ ಬಗ್ಗೆ ಹೇಳಿದೆ. ಈ ರೂಪಕ್ಕೆ ಇನ್ನೊಂದು ಕೆಲಸ ಉಂಟು. ನನಗೆ ಅದು ತುಂಬಾ ಇಷ್ಟ. ಒಂದು ಗುರುತನ್ನು ನೋಡಿ ಹಿಂದೆ ಏನು ನಡೆಯುತ್ತಿತ್ತು ಅಂತ ಹೇಳುವುದು.

ನಾನು ಚಿಕ್ಕವಳಿದ್ದಾಗ ಬಾಯಾರು ಕಡೆಯ ನೆಂಟರ ಮನೆಯಲ್ಲಿ ಸುರಂಗ ತೋಡಿಸುತ್ತಿದ್ದರು. ನಿಮಗೆ ಸುರಂಗ ಗೊತ್ತು. ಬಾವಿ ಕೆಳಗೆ ಹೋಗುತ್ತದೆ, ಸುರಂಗ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಹೋಗುತ್ತದೆ. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟೇ ಜಾಗ. ಅಳತೆ ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಒಳಗೆ ಹೋದವರ ಕೈಯಲ್ಲಿ ಒಂದು ಪಿಕ್ಕಾಸು, ಪಕ್ಕದಲ್ಲಿ ಒಂದು ಚಿಮಿಣಿ ದೀಪ. ದೀಪ ನಂದಿದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಸಂಜೆ ನಾನು ಅಂಗಳದಲ್ಲಿ ಆಡುತ್ತಿದ್ದೆ. ಸುರಂಗದ ಬಾಯಿಯಿಂದ ಒಬ್ಬರು ಹೊರಗೆ ಬಂದರು. ಕೂದಲು ಕೆಂಪು, ಹುಬ್ಬು ಕೆಂಪು, ಮೊಣಕಾಲಿನ ಕೆಳಗೆ ಒದ್ದೆ ಕೆಂಪು ಮಣ್ಣು. ರೆಪ್ಪೆಯ ಮೇಲೂ ಮುರಕಲ್ಲಿನ ಹುಡಿ. ಅವರು ಬೆಳಕಿಗೆ ಕಣ್ಣು ಕಿರಿದು ಮಾಡಿ, ಅಲ್ಲೇ ಕಲ್ಲಿನ ಮೇಲೆ ಕೂತು, ಒಂದು ಚೆಂಬು ನೀರು ಕೇಳಿದರು.

ಯಾರೂ ಅವರನ್ನು ಏನು ಮಾಡುತ್ತಾ ಇದ್ದಿರಿ ಅಂತ ಕೇಳಲಿಲ್ಲ. ನೋಡಿದರೆ ಗೊತ್ತಾಗುತ್ತಿತ್ತು.

‘ಹಿ ವಾಸ್ ರೆಡ್ ಫ್ರಮ್ ಹೆಡ್ ಟು ಫುಟ್. ಹಿ ಹ್ಯಾಡ್ ಬೀನ್ ಡಿಗ್ಗಿಂಗ್.’

ಮೊದಲ ವಾಕ್ಯ ಗೂಟ. ಎರಡನೆಯದು ಅದರ ಹಿಂದಿನ ಇಡೀ ದಿನ. ಇಲ್ಲಿ ಫಾರ್ ಇಲ್ಲ, ಸಿನ್ಸ್ ಇಲ್ಲ, ಆದರೂ ವಾಕ್ಯ ಪೂರ್ತಿ. ತೋಡುವುದು ನಿಂತು ಎರಡು ನಿಮಿಷ ಆಗಿದೆ, ಅದರ ಗುರುತು ಮೈಮೇಲೆ ಉಳಿದಿದೆ. ಇದೇ ಜಾಗದಲ್ಲಿ ‘ಹಿ ವಾಸ್ ಡಿಗ್ಗಿಂಗ್’ ಅಂದರೆ ಸರಿಯಾಗುವುದಿಲ್ಲ. ಆಗ ಅವರು ನೀರು ಕೇಳುತ್ತಾ ಕಲ್ಲಿನ ಮೇಲೆ ಕೂತಿದ್ದಾರೆ, ತೋಡುತ್ತಾ ಇಲ್ಲ.

ಕನ್ನಡದಲ್ಲಿ ಇದಕ್ಕೆ ನಾವು ಒಂದೇ ಮಾತನ್ನು ಎರಡು ಸಲ ಹೇಳುತ್ತೇವೆ. ‘ಅತ್ತೂ ಅತ್ತೂ ಕಣ್ಣು ಕೆಂಪಾಗಿತ್ತು.’ ‘ಕಾದೂ ಕಾದೂ ಕಾಲು ಸೋತಿತ್ತು.’ ‘ತೋಡೀ ತೋಡೀ ಕೈ ಬೊಬ್ಬೆ ಬಂದಿತ್ತು.’ ಎರಡು ಸಲ ಹೇಳಿದಾಗ ಕಾಲ ಉದ್ದ ಆಗುತ್ತದೆ, ಕೊನೆಯಲ್ಲಿ ಗುರುತು ಬರುತ್ತದೆ. ಇಂಗ್ಲಿಷಿನಲ್ಲಿ ಕ್ರೈಯಿಂಗ್ ಕ್ರೈಯಿಂಗ್ ಅಂತ ಬರೆಯಲಿಕ್ಕೆ ಆಗುವುದಿಲ್ಲ. ಅದನ್ನು ಎರಡು ತುಂಡು ಮಾಡಿ. ‘ಹರ್ ಐಸ್ ವರ್ ರೆಡ್. ಶಿ ಹ್ಯಾಡ್ ಬೀನ್ ಕ್ರೈಯಿಂಗ್.’ ಅತ್ತೂ ಅತ್ತೂ ಅನ್ನುವ ಕಡೆಯೆಲ್ಲ ಹ್ಯಾಡ್ ಬೀನ್ ಒಮ್ಮೆ ಹಾಕಿ ನೋಡಿ. ಹೆಚ್ಚಿನ ಸಲ ಅದು ಸರಿಯಾಗಿ ಕೂರುತ್ತದೆ.

ಮಳೆಯ ಉದಾಹರಣೆ ಒಂದು ಹೇಳಿ ಮುಂದೆ ಹೋಗುತ್ತೇನೆ. ಮದುವೆ ಊಟ ಮುಗಿಸಿ ಹೊರಗೆ ಬಂದಿರಿ. ‘ಇಟ್ ವಾಸ್ ರೈನಿಂಗ್’ ಅಂದರೆ ಕೊಡೆ ಬೇಕು. ‘ಇಟ್ ಹ್ಯಾಡ್ ಬೀನ್ ರೈನಿಂಗ್’ ಅಂದರೆ ಮಾಡಿನಿಂದ ನೀರು ತೊಟ್ಟಿಕ್ಕುತ್ತಾ ಇದೆ, ಅಂಗಳ ಕೆಸರು, ಮಳೆ ಬಿಟ್ಟಿದೆ.

ಬರೀ ಹ್ಯಾಡ್‌ಗೂ ಹ್ಯಾಡ್ ಬೀನ್‌ಗೂ ವ್ಯತ್ಯಾಸ ಏನು ಅಂತ ಬೆಳಿಗ್ಗೆ ಒಬ್ಬಳು ಕೇಳಿದಳು. ಅಡಿಕೆ ಸುಲಿಯುವುದನ್ನು ನೆನೆಸಿಕೊಳ್ಳಮ್ಮ. ಯಜಮಾನರು ಬಂದು ಎಷ್ಟು ಗೋಣಿ ಆಯಿತು ಅಂತ ಲೆಕ್ಕ ಕೇಳಿದರು ಅಂತ ಇಟ್ಟುಕೋ. ಆಗ ‘ದೆ ಹ್ಯಾಡ್ ಪೀಲ್ಡ್ ಟೆನ್ ಸ್ಯಾಕ್ಸ್.’ ಎಷ್ಟು ಹೊತ್ತಿನಿಂದ ಕೂತಿದ್ದರು ಅಂತ ಕೇಳಿದರೆ ‘ದೆ ಹ್ಯಾಡ್ ಬೀನ್ ಪೀಲಿಂಗ್ ಸಿನ್ಸ್ ಮಾರ್ನಿಂಗ್.’ ಗೋಣಿಯ ಲೆಕ್ಕಕ್ಕೆ ಹ್ಯಾಡ್. ಹೊತ್ತಿನ ಲೆಕ್ಕಕ್ಕೆ ಹ್ಯಾಡ್ ಬೀನ್. ‘ಹ್ಯಾಡ್ ಬೀನ್ ಪೀಲಿಂಗ್ ಟೆನ್ ಸ್ಯಾಕ್ಸ್’ ಅಂತ ಬರೆಯಬೇಡಿ.

ಕೆಲವು ಮಾತುಗಳಿಗೆ ಐಎನ್‌ಜಿ ಹಿಡಿಸುವುದಿಲ್ಲ. ನೋ, ಓನ್, ಬಿಲಾಂಗ್, ಬಿಲೀವ್. ಇವು ಕೆಲಸಗಳಲ್ಲ, ಇರುವ ಸ್ಥಿತಿ. ‘ನನಗೆ ಅವರು ಹತ್ತು ವರ್ಷದಿಂದ ಗೊತ್ತಿತ್ತು’ ಅನ್ನುತ್ತೇವೆ, ‘ಗೊತ್ತಾಗುತ್ತಾ ಇತ್ತು’ ಅಂದರೆ ಬೇರೆ ಅರ್ಥ ಬಂತು. ಇಂಗ್ಲಿಷಿನಲ್ಲೂ ಹಾಗೆಯೇ, ‘ಐ ಹ್ಯಾಡ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್.’ ಹ್ಯಾಡ್ ಬೀನ್ ಕಂಡ ಕೂಡಲೇ ಐಎನ್‌ಜಿ ಹುಡುಕಬೇಡಿ. ‘ಅಂಟಿಲ್ 1956, ಕಾಸರಗೋಡ್ ಹ್ಯಾಡ್ ಬೀನ್ ಎ ಪಾರ್ಟ್ ಆಫ್ ಸೌತ್ ಕೆನರಾ.’ ಇಲ್ಲಿ ಐಎನ್‌ಜಿ ಇಲ್ಲ. ದಕ್ಷಿಣ ಕನ್ನಡದ ಭಾಗವಾಗಿತ್ತು ಅಂತ ಅರ್ಥ. ಬೀನ್ ಅನ್ನುವುದೇ ಇಲ್ಲಿ ಮುಖ್ಯ ಕ್ರಿಯಾಪದ.

ಆ ಇಸವಿ ಬಾಯಿಗೆ ಬಂದದ್ದರಿಂದ ಹೇಳುತ್ತೇನೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರಬೇಕು ಅಂತ, ರಾಜ್ಯಗಳ ಗಡಿ ತಕರಾರು ನೋಡಲಿಕ್ಕೆ ನೇಮಿಸಿದ್ದ ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಆ ವರದಿ ಬರುವಾಗ ಇಲ್ಲಿಯ ಜನ ಕೇಳಲಿಕ್ಕೆ ಶುರು ಮಾಡಿ ಹತ್ತು ವರ್ಷಕ್ಕಿಂತ ಜಾಸ್ತಿ ಆಗಿತ್ತು. ಕೈಯ್ಯಾರ ಕಿಞ್ಞಣ್ಣ ರೈಗಳಂಥ ಕವಿಗಳು ಪದ್ಯ ಬರೆದು, ಊರೂರು ತಿರುಗಿ ಕೇಳುತ್ತಾ ಬಂದಿದ್ದರು. ‘ವೆನ್ ದ ರಿಪೋರ್ಟ್ ಕೇಮ್ ಇನ್ 1967, ದ ಪೀಪಲ್ ಹ್ಯಾಡ್ ಬೀನ್ ಆಸ್ಕಿಂಗ್ ಫಾರ್ ಮೋರ್ ದ್ಯಾನ್ ಟೆನ್ ಇಯರ್ಸ್.’ ವರದಿ ಬಂತು ಅಂತ ಮಾತ್ರ ಬರೆದರೆ ಅದು ಒಂದು ದಿನದ ಸುದ್ದಿ. ಹ್ಯಾಡ್ ಬೀನ್ ಆಸ್ಕಿಂಗ್ ಅಂತ ಸೇರಿಸಿದರೆ ಅದರ ಹಿಂದಿನ ಹತ್ತು ವರ್ಷವೂ ಕಾಣುತ್ತದೆ.

ಎಣ್ಮಕಜೆಯ ಕಡೆಯಿಂದ ಬಂದ ಮಕ್ಕಳು ಇಲ್ಲಿದ್ದಾರೆ. ಹೇಳಬೇಕೋ ಬೇಡವೋ ಅಂತ ಬರುವ ದಾರಿಯಲ್ಲಿ ಯೋಚನೆ ಮಾಡಿದೆ. ಹೇಳಬೇಕು ಅನ್ನಿಸಿತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಯುವುದು ನಿಂತದ್ದು 2000ದ ಕೊನೆಗೆ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆಯಿತು. ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಈ ಇಸವಿಗಳೇ. ಅವು ಗೂಟಗಳು. ಹಗ್ಗ ಎಲ್ಲಿ? ನಿಲ್ಲಿಸಿದ ದಿನಕ್ಕೆ ಸುರಿಯಲಿಕ್ಕೆ ಶುರು ಮಾಡಿ ಇಪ್ಪತ್ತು ವರ್ಷ ದಾಟಿತ್ತು. ಗುಡ್ಡದ ಮೇಲೆ ಬಿದ್ದದ್ದು ಕೆಳಗೆ ತೋಡಿಗೆ, ಸುರಂಗಕ್ಕೆ ಇಳಿದಿತ್ತು. ‘ದೆ ಹ್ಯಾಡ್ ಬೀನ್ ಸ್ಪ್ರೇಯಿಂಗ್ ಫಾರ್ ಮೋರ್ ದ್ಯಾನ್ ಟ್ವೆಂಟಿ ಇಯರ್ಸ್ ವೆನ್ ಇಟ್ ವಾಸ್ ಸ್ಟಾಪ್ಡ್. ದ ಪೀಪಲ್ ಹ್ಯಾಡ್ ಬೀನ್ ಡ್ರಿಂಕಿಂಗ್ ದಟ್ ವಾಟರ್.’ ಆ ಎರಡನೆಯ ವಾಕ್ಯವನ್ನು ಬೇರೆ ಯಾವ ರೂಪದಲ್ಲಿ ಬರೆದರೂ ನನಗೆ ಸಮಾಧಾನ ಆಗುವುದಿಲ್ಲ. ‘ಡ್ರ್ಯಾಂಕ್’ ಅಂದರೆ ಒಂದು ಸಲ ಕುಡಿದ ಹಾಗೆ ಆಗುತ್ತದೆ. ‘ಹ್ಯಾಡ್ ಡ್ರಂಕ್’ ಅಂದರೆ ಕುಡಿದು ಮುಗಿದ ಹಾಗೆ. ದಿನಾ ಕುಡಿದದ್ದು, ಗೊತ್ತಿಲ್ಲದೆ ಕುಡಿದದ್ದು, ಮಕ್ಕಳಿಗೂ ಕೊಟ್ಟದ್ದು ಹ್ಯಾಡ್ ಬೀನ್ ಡ್ರಿಂಕಿಂಗ್‌ನಲ್ಲಿ ಮಾತ್ರ ಬರುತ್ತದೆ. ನಮ್ಮ ಊರಿನ ವಿಷಯವನ್ನು ಹೊರಗಿನವರಿಗೆ ಇಂಗ್ಲಿಷಿನಲ್ಲಿ ಬರೆಯುವವರು ಮುಂದೆ ನೀವೇ. ಆಗ ಈ ರೂಪ ನಿಮ್ಮ ಕೈಯಲ್ಲಿ ಇರಬೇಕು.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವಾಗ ಇದು ತಾನಾಗಿಯೇ ಬರುತ್ತದೆ, ಪರೀಕ್ಷೆಯಲ್ಲೂ ಕೇಳುತ್ತಾರೆ. ಅಮ್ಮ ಅಂದಳು, ‘ಐ ಹ್ಯಾವ್ ಬೀನ್ ವೇಟಿಂಗ್.’ ನೀವು ಅದನ್ನು ಆಮೇಲೆ ಹೇಳುವಾಗ, ‘ಅಮ್ಮ ಸೆಡ್ ದಟ್ ಶಿ ಹ್ಯಾಡ್ ಬೀನ್ ವೇಟಿಂಗ್.’ ‘ಐ ವಾಸ್ ವೇಟಿಂಗ್’ ಅಂದಿದ್ದರೂ ಬದಲಾಗುವುದು ಹೀಗೆಯೇ. ಆಯಿತು ಅನ್ನುವುದು ಆಗಿತ್ತು ಆಗುವ ಹಾಗೆ.

ಎಲ್ಲ ಕಡೆ ಹಾಕಬೇಡಿ ಅಂತಲೂ ಹೇಳಬೇಕು. ಹೊಸದಾಗಿ ಕಲಿತವರು ಒಂದು ಪುಟದಲ್ಲಿ ಹತ್ತು ಸಲ ಹ್ಯಾಡ್ ಬೀನ್ ಬರೆಯುತ್ತಾರೆ. ಕಥೆ ನಡೆದ ಸಾಲಿನಲ್ಲೇ ಹೇಳಿಕೊಂಡು ಹೋಗುವಾಗ ಇದು ಬೇಡ. ಎದ್ದೆ, ಮುಖ ತೊಳೆದೆ, ಶಾಲೆಗೆ ಹೋದೆ. ಬರೀ ಪಾಸ್ಟ್ ಸಾಕು. ಹಿಂದೆ ತಿರುಗಿ ನೋಡಬೇಕಾದಾಗ ಮಾತ್ರ ಇದನ್ನು ತೆಗೆಯಿರಿ.

ಕೊನೆಗೆ ಮಕ್ಕಳಿಗೆ ಹತ್ತು ನಿಮಿಷ ಕೊಟ್ಟು, ಮನೆಯ ವಿಷಯ ಒಂದೊಂದು ವಾಕ್ಯ ಬರೆಯಲಿಕ್ಕೆ ಹೇಳಿದೆ. ನಾನು ಬೆಂಚುಗಳ ನಡುವೆ ನಡೆಯುತ್ತಾ ನೋಡಿದೆ. ಬಸ್ಸಿಗೆ ಕಾದವರು ತುಂಬಾ ಮಂದಿ. ಒಬ್ಬ ಹುಡುಗ ಅಪ್ಪನ ಜೊತೆ ಯಕ್ಷಗಾನ ನೋಡುತ್ತಾ ಕೂತಿದ್ದಾಗ ಬೆಳಗಾದದ್ದನ್ನು ಬರೆದಿದ್ದ. ಕಿಟಕಿಯ ಹತ್ತಿರ ಕೂತ ಹುಡುಗಿ ಪುಸ್ತಕವನ್ನು ಕೈಯಿಂದ ಮುಚ್ಚಿಕೊಂಡಿದ್ದಳು. ತೋರಿಸು ಅಂದೆ. ಕೈ ತೆಗೆದಳು.

‘ಮೈ ಗ್ರ್ಯಾಂಡ್‌ಮದರ್ ಹ್ಯಾಡ್ ಬೀನ್ ರೋಲಿಂಗ್ ಬೀಡೀಸ್ ಸಿನ್ಸ್ ಥರ್ಟಿ ಇಯರ್ಸ್ ವೆನ್ ಹರ್ ಐಸ್ ಬಿಕೇಮ್ ವೀಕ್.’

‘ಅಜ್ಜಿ ಬೀಡಿ ಕಟ್ಟುತ್ತಿದ್ದರಾ?’ ಅಂತ ಕೇಳಿದೆ. ‘ಹೌದು ಟೀಚರ್. ನನ್ನ ಅಮ್ಮನನ್ನು ಅದರಲ್ಲೇ ಓದಿಸಿದ್ದು.’ ಅವಳ ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಸಿನ್ಸ್ ಮೇಲೆ ಬೆರಳಿಟ್ಟೆ. ಅವಳು ಒಂದು ಕ್ಷಣ ನೋಡಿದಳು. ‘ಮುಪ್ಪದ್ ಕೊಲ್ಲಮಾಯಿ’ ಅಂತ ತುಟಿ ಆಡಿಸಿದಳು. ರಬ್ಬರು ತೆಗೆದು ಸಿನ್ಸ್ ಅಳಿಸಿ, ಹುಡಿಯನ್ನು ಊದಿ, ಫಾರ್ ಅಂತ ಬರೆದಳು.